ಕಣ್ಣಿನೊಳಗಿನ ಬಣ್ಣ, ಕಣ್ಣಿನೊಳಗಿನ ಬೆಳಕು

ತೊಗರಿಯ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಿರಿಯರಿಗೆ ಮೋತಿಬಿಂದುವಿನ ನೆನಪಾಗುತ್ತದೆ. ಅಲ್ಲಿಯವರೆಗೆ "ಇನ್ನೂ ಹಣ್ಣಾಗಲಿ" ಎಂಬ ಮಾತು. ಹಣ್ಣಾದ ಕಣ್ಣನ್ನು ನೋಡಿದ ವೈದ್ಯರು, ಒಳಗೆ ತುಸು ನೀಲಿ ಬಣ್ಣ ಹಾಕಬೇಕೆಂದರೆ ಮನೆಮಂದಿಗೆಲ್ಲ ದಿಗಿಲು. ಅರಿವೆಗೆ ಹಾಕುವ ನೀಲಿಯನ್ನು ಕಣ್ಣಿಗೆ ಹಾಕುವುದುಂಟೆ? ಈ ದಿಗಿಲಿನಲ್ಲಿ ಹುರುಳೆಷ್ಟೆಂಬುದನ್ನು ನೋಡೋಣ.

ಕನ್ನಡದಲ್ಲಿ ನಾವು ಇದನ್ನು ಪೊರೆ ಎನ್ನುತ್ತೇವೆ. ಹೆಸರು ತುಸು ದಾರಿ ತಪ್ಪಿಸುವಂಥದು. ಕಣ್ಣಿನ ಮೇಲೆ ಏನೂ ಬೆಳೆದಿರುವುದಿಲ್ಲ. ಪಾಪೆಯ ಹಿಂದಿರುವ ತಿಳಿಯಾದ ಮಸೂರವೇ ಮಬ್ಬಾಗಿರುತ್ತದೆ. ನಿಜವಾದ ಪೊರೆಯೆಂದರೆ ಆ ಮಸೂರವನ್ನು ಸುತ್ತಿಕೊಂಡ ತೆಳುವಾದ ಚೀಲ. ಪೊರೆ ಎಂಬ ಮಾತಿಗೆ ಕಾಪಾಡು ಎಂಬ ಅರ್ಥವೂ ಉಂಟಷ್ಟೆ. ಈಗಿನ ವೈದ್ಯರು ಪೊರೆಯುವುದು ಈ ಚೀಲವನ್ನೇ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ಹೂಡಿ ಅಸಂಖ್ಯ ಜನರಿಗೆ ದೃಷ್ಟಿ ಕೊಟ್ಟ ಆ ದಿನಗಳಲ್ಲಿ ಮಸೂರವನ್ನು ಚೀಲಸಹಿತ ತೆಗೆದುಬಿಡುವ ವಾಡಿಕೆಯಿತ್ತು. ಆಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿ. ಈಗಲಾದರೋ ಚೀಲವನ್ನು ಉಳಿಸಿಕೊಂಡು ಅದರೊಳಗೆ ಕೃತಕ ಮಸೂರವನ್ನು ಕೂರಿಸುತ್ತಾರೆ. ಅದಕ್ಕಾಗಿ ಚೀಲದ ಮುಂಬದಿಯಲ್ಲಿ ದುಂಡನೆಯ ಕಿಂಡಿಯೊಂದನ್ನು ತೆರೆಯಬೇಕು. ಮಸೂರ ಪೂರಾ ಬೆಳ್ಳಗಾಗಿದ್ದರೆ, ಹಾಲಿನ ಮೇಲಿನ ಗಾಜಿನಂತೆ, ಆ ಪೊರೆ ಕಣ್ಣಿಗೆ ಬೀಳುವುದೇ ಇಲ್ಲ. 1999ರಲ್ಲಿ ನೆದರ್ಲೆಂಡ್ಸಿನ ಮೆಲ್ಲೆಸ್ ಮತ್ತು ಸಂಗಡಿಗರು ಇದಕ್ಕೆ ಟ್ರಿಪಾನ್ ಬ್ಲೂ ಎಂಬ ಬಣ್ಣವನ್ನು ಬಳಸಿ ತೋರಿಸಿದರು. ಅದರ ಪ್ರಮಾಣ ನೂರಕ್ಕೆ 0.06ರಷ್ಟು, ಕೆಲವೇ ಕ್ಷಣ ಬಿಟ್ಟು ತೊಳೆದುಬಿಡುತ್ತಾರೆ. ಪೊರೆ ಮಾತ್ರ ನೀಲಿಯಾಗಿ ಎದ್ದು ಕಾಣುತ್ತದೆ. ಕಣ್ಣಿನ ಮುಂಭಾಗದಲ್ಲೇ ಮುಗಿಯುವ ಈ ಕೆಲಸಕ್ಕೆ, ಅಳತೆ ಮೀರದಿದ್ದರೆ, ಅಂಜಬೇಕಾದುದಿಲ್ಲ.

ಕಣ್ಣಿನ ಹಿಂಗೋಡೆಯ ಅಕ್ಷಿಪಟಲದ ಮಾತು ಬೇರೆ. ಅಲ್ಲಿ ಬೆಳಕನ್ನು ಹಿಡಿಯುವ ಜೀವಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಕ್ಷಿಪಟಲದ ನಡುವೆ ರಂಧ್ರವಾದಾಗ, ಅದರ ಮೇಲಿನ ಪಾರದರ್ಶಕವಾದ ಅತಿ ತೆಳು ಪದರವನ್ನು ಸುಲಿದು ತೆಗೆಯುತ್ತಾರೆ. ಕಾಣದ್ದನ್ನು ಸುಲಿಯುವುದೆಂತು? 2000ದ ಸುಮಾರಿಗೆ ಇಂಡೋಸಯನಿನ್ ಗ್ರೀನ್ ಎಂಬ ಹಸಿರು ಬಣ್ಣ ಬಳಕೆಗೆ ಬಂದಿತು. ಯಕೃತ್ತಿನ ಪರೀಕ್ಷೆಗೆ ಅದು ಹಳೆಯ ಪರಿಚಯದ ಬಣ್ಣವೇ. ಆದರೆ ಕೆಲವು ರೋಗಿಗಳಿಗೆ ಶಸ್ತ್ರಕ್ರಿಯೆಯ ತರುವಾಯ ನೋಟದ ಒಂದು ಅಂಚು ಅಳಿಸಿಹೋಯಿತು. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲಾಗಿ, ಬಣ್ಣ ಗಟ್ಟಿಯಾದಷ್ಟೂ, ಅದರ ಮೇಲೆ ಬೆಳಕು ಬಿದ್ದಷ್ಟೂ ಜೀವಕೋಶಗಳಿಗೆ ಕೇಡು ಹೆಚ್ಚೆಂಬುದು ಕಂಡುಬಂತು. ಈಗ ಬಹಳ ಕಡೆ ಬ್ರಿಲಿಯಂಟ್ ಬ್ಲೂ ಎಂಬುದು ಆ ಸ್ಥಾನಕ್ಕೆ ಬಂದಿದೆ. ಅಮೆರಿಕದ ಸರಕಾರ ಅದಕ್ಕೆ 2019ರಲ್ಲಿ ಒಪ್ಪಿಗೆಯಿತ್ತಿತು.

ಬೆಳಕೊಂದೇ ಸಾಕು, ಕೇಡಿಗೆ. ಸುಡುವಷ್ಟು ಬಿಸಿಯಿಲ್ಲದ ದೀಪವೂ ತಾಸುಗಟ್ಟಲೆ ಬಿದ್ದರೆ ಇಲಿಗಳ ಅಕ್ಷಿಪಟಲ ಕೆಡುವುದೆಂದು ನೋಯೆಲ್ ಎಂಬ ವಿಜ್ಞಾನಿ 1966ರಲ್ಲಿ ತೋರಿಸಿದ್ದರು. ಶಸ್ತ್ರಕ್ರಿಯೆಯ ಸೂಕ್ಷ್ಮದರ್ಶಕದ ದೀಪದಿಂದಲೇ ಮನುಷ್ಯರ ಕಣ್ಣಿಗೆ ಪೆಟ್ಟಾದುದು 1983ರಲ್ಲಿ ವರದಿಯಾಯಿತು. ಆದುದರಿಂದ ಬಲ್ಲ ವೈದ್ಯರು ದೀಪವನ್ನು ತಗ್ಗಿಸುತ್ತಾರೆ, ದೂರವಿಡುತ್ತಾರೆ, ಕೈ ಚುರುಕು ಮಾಡುತ್ತಾರೆ. ಇಲ್ಲಿಯೇ ನಮ್ಮ "ಹಣ್ಣಾಗಲಿ" ಎಂಬ ಮಾತು ತೊಡಕು ತರುವುದು. ಹಣ್ಣಾದ ಮೋತಿಬಿಂದು ಗಟ್ಟಿಯಾಗಿರುತ್ತದೆ, ಕೆಲಸ ತಡವಾಗುತ್ತದೆ, ಬಣ್ಣವೂ ಬೇಕು, ಬೆಳಕೂ ಹೆಚ್ಚು ಹೊತ್ತು ಬೇಕು. ಓದಲು, ನಡೆದಾಡಲು ತೊಂದರೆಯಾಗತೊಡಗಿದಾಗಲೇ ತೋರಿಸಿದರೆ ಎರಡೂ ಕಡಿಮೆಯಾಗುತ್ತವೆ.

ಇನ್ನೊಂದು ಮಾತು. ಪಟ್ಟಿ ಬಿಚ್ಚಿದ ಮೇಲೆ ಅಜ್ಜಿಯೊಬ್ಬರು ಬಿಳಿಯ ಧೋತರ ನೀಲಿಯಾಗಿ ಕಾಣುತ್ತದೆಂದರೆ, ಹಾಕಿದ ಬಣ್ಣ ಒಳಗೆ ಉಳಿಯಿತೆಂದು ಮಕ್ಕಳು ಗಾಬರಿಯಾಗಬೇಕಿಲ್ಲ. ಇಷ್ಟು ವರ್ಷ ಹಳದಿಗಟ್ಟಿದ ಮಸೂರ ನೀಲಿಯನ್ನು ತಡೆದಿತ್ತು, ಈಗ ಅದಿಲ್ಲ. ಬರಬರುತ್ತ ಅದು ಸರಿಹೋಗುತ್ತದೆ. ನೋವು, ಕೆಂಪು, ದೃಷ್ಟಿ ಕುಂದುವುದು ಇವು ಕಂಡರೆ ಮಾತ್ರ ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.