ಕಾಯಕದ ಬಾಗಿಲು



ದುಡಿದು ಉಣ್ಣಬೇಕೆಂಬುದು ಶರಣಧರ್ಮ. ಆದರೆ ದುಡಿಯಬಂದವರನ್ನು ಬಾಗಿಲಲ್ಲೇ ತಡೆದರೆ ಆ ಪಾಪ ಯಾರದು? ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದು ಹಳಿದು ಸಮಾಜವು ಕೆಲವರಿಗೆ ಮನೆಯಲ್ಲಿ ಎಡೆ ಕೊಡುವುದಿಲ್ಲ, ಕೆಲಸವನ್ನೂ ಕೊಡುವುದಿಲ್ಲ. ಕಡೆಗೆ ಅವರು ಕೈಯೊಡ್ಡಿದರೆ, ಬೇಡಿ ತಿನ್ನುವವರೆಂದು ಅದೇ ಸಮಾಜ ಬೈಯುತ್ತದೆ. ಇದು ಯಾವ ನ್ಯಾಯ?

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರನ್ನು ತೃತೀಯ ಲಿಂಗಿಗಳೆಂದು ಮಾನ್ಯಮಾಡಿ, ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ಮೀಸಲಾತಿ ಕೊಡಬೇಕೆಂದು ಹೇಳಿತು. ಆದರೂ 2020ರಲ್ಲಿ ನಮ್ಮ ರಾಜ್ಯದ ಪೊಲೀಸ್ ನೇಮಕಾತಿಗೆ ಕರೆ ಬಂದಾಗ ಗಂಡಸರು, ಹೆಂಗಸರು ಎಂಬ ಎರಡೇ ವರ್ಗ! 'ಸಂಗಮ' ಎಂಬ ಸಂಸ್ಥೆಯು ಹೈಕೋರ್ಟಿನ ಮೆಟ್ಟಿಲೇರಿತು. 2021ರ ಜುಲೈನಲ್ಲಿ ಸರ್ಕಾರವು ನಿಯಮ ತಿದ್ದಿ, ನೇರ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಹುದ್ದೆಗಳನ್ನು ಅವರಿಗೆ ಮೀಸಲಿಟ್ಟಿತು. ನೂರಕ್ಕೆ ಒಂದು, ಸಣ್ಣ ಲೆಕ್ಕವೇ ಸರಿ. ಆದರೆ ಅದು ಭಿಕ್ಷೆಯಲ್ಲ, ಕಾಯಕ.

ಕೋರ್ಟು ಕಚೇರಿಯ ಬಾಗಿಲು ತೆರೆಸಬಲ್ಲದು. ಮನೆಯ ಬಾಗಿಲನ್ನು ತೆರೆಯಬೇಕಾದವರು ತಾಯಿತಂದೆಗಳು. ಇಷ್ಟಲಿಂಗ ಹಿಡಿದ ಕೈಯಿಂದಲೇ ಹೆತ್ತ ಮಗುವನ್ನು ಹೊರಗೆ ದೂಡಿದರೆ ಆ ಪೂಜೆ ಯಾರಿಗೆ ಸಂದೀತು? ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ ಬಿಡಬೇಡಿ, ಓದಿಸಿ, ಕಾಯಕಕ್ಕೆ ಹಚ್ಚಿ. ನಾವು ಭಕ್ತರಲ್ಲಿ ಕೇಳುವ ಕಾಣಿಕೆ ಇಂದು ಇದೊಂದೇ.