ಕಾರಿನ ಆಕಾರವನ್ನು ಆರಿಸುವವರು ಯಾರು?



ಮಲೆನಾಡಿಗೆ ಜೀಪು ಬಂದದ್ದು ಅಂದಕ್ಕಾಗಿ ಅಲ್ಲ. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ರೂಪುಗೊಂಡ ಈ ವಾಹನವನ್ನು ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಭಾರತದಲ್ಲಿ ಜೋಡಿಸತೊಡಗಿತು. ನೆಲದಿಂದ ಎತ್ತರವಾಗಿದ್ದು, ಬೇಕಾದಾಗ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಸಬಲ್ಲ ಗಾಡಿಗೆ ಮಳೆಗಾಲದ ಕೆಸರು ಅಡ್ಡಿಯಾಗಲಿಲ್ಲ. ಕಾಫಿ ಮೂಟೆಯನ್ನೂ ರೋಗಿಯನ್ನೂ ಅದು ಹೊತ್ತಿತು. ಮುಂದಿನ ಆಸನ ಯಜಮಾನರಿಗೆ, ಹಿಂದಿನ ಹಲಗೆ ಕೂಲಿಯವರಿಗೆ ಎಂಬ ಭೇದ ಅಲ್ಲಿಯೂ ಇತ್ತೆಂಬುದು ಬೇರೆ ಮಾತು.

ನಗರದ ಲೆಕ್ಕ ಬೇರೆ. ಅಂಬಾಸಿಡರ್ ದಶಕಗಳ ಕಾಲ ಸರ್ಕಾರಿ ಅಧಿಕಾರದ ಗುರುತಾಗಿತ್ತು. 1983ರಲ್ಲಿ ಬಂದ ಮಾರುತಿ 800 ಸಂಬಳದಾರ ಕುಟುಂಬದ ಹೆಮ್ಮೆಯಾಯಿತು. 2009ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೊ ಮಾತ್ರ ಸೋತಿತು. ಸ್ಕೂಟರಿನಲ್ಲಿ ಇಡೀ ಸಂಸಾರವನ್ನು ಹೊತ್ತೊಯ್ಯುವವರಿಗಾಗಿ ಒಂದು ಲಕ್ಷ ರೂಪಾಯಿಯ ಬೆಲೆ ಘೋಷಿಸಿ ತಂದ ಕಾರು ಅದು. ಬೆಂಕಿ ತಗುಲಿದ ಕೆಲವು ಪ್ರಸಂಗಗಳು ಹಾನಿ ಮಾಡಿದ್ದು ನಿಜ. ಆದರೆ ‘ಅತ್ಯಂತ ಅಗ್ಗದ ಕಾರು’ ಎಂಬ ಹೆಸರೇ ಹೆಚ್ಚು ಮುಳುವಾಯಿತು. ಮೊದಲ ಕಾರು ಕೊಳ್ಳುವವರು ನೆರೆಯವರಿಗೂ ಬೀಗರಿಗೂ ತಮ್ಮ ಏಳಿಗೆಯನ್ನು ತೋರಬಯಸುತ್ತಾರೆ. ಅಗ್ಗದ ಚೀಟಿ ಅಂಟಿದ ಗಾಡಿಯಿಂದ ಅದು ಆಗದು. ಜನರು ಸಂಪತ್ತನ್ನು ಅನುಭವಿಸುವುದಷ್ಟೇ ಅಲ್ಲ, ಪ್ರದರ್ಶಿಸುತ್ತಾರೆಂದು ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲಿಯೇ ವಿವರಿಸಿದ್ದರು. ನ್ಯಾನೊ ತಯಾರಿಕೆ 2018ರಲ್ಲಿ ನಿಂತಿತು.

ಅಭಿರುಚಿಯೆಂದು ತೋರುವುದರಲ್ಲಿ ತೆರಿಗೆಯ ಕೈವಾಡವೂ ಉಂಟು. 4 ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರುಗಳಿಗೆ 2006ರ ಕೇಂದ್ರ ಬಜೆಟ್ ಸುಂಕ ಇಳಿಸಿತು. ಆಮೇಲೆ ಡಿಕ್ಕಿ ಮೊಟಕಾದ ಸೆಡಾನುಗಳು ಹುಟ್ಟಿದವು. ಅದೇ ಅಳತೆಯಲ್ಲಿ ಎತ್ತರದ ಎಸ್‌ಯುವಿಗಳೂ ಬಂದವು. ಇವುಗಳಲ್ಲಿ ಬಹುಪಾಲಿನವು ಮುಂದಿನ ಎರಡು ಚಕ್ರಗಳ ಬಲದಿಂದಷ್ಟೇ ಓಡುತ್ತವೆ. ಜೀಪಿನ ನಿಲುವು ನಗರಕ್ಕೆ ಹೋಯಿತು, ಏರುವ ಶಕ್ತಿ ಹೋಗಲಿಲ್ಲ. ಎತ್ತರದ ಆಸನದಲ್ಲಿ ಕುಳಿತವರಿಗೆ ರಸ್ತೆ ಚೆನ್ನಾಗಿ ಕಾಣುತ್ತದೆ, ರಸ್ತೆಯಲ್ಲಿರುವವರಿಗೆ ಅವರೂ ಕಾಣುತ್ತಾರೆ. ಬಯಕೆಯ ಬಹುಭಾಗ ಇಷ್ಟೇ.

ಇಂದು ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಬಗೆಯವು. ಅದೇ ವರ್ಗದ ತಗ್ಗಿನ ಕಾರಿಗಿಂತ ಇವುಗಳ ತೂಕ ಹೆಚ್ಚು, ಗಾಳಿಯ ತಡೆ ಹೆಚ್ಚು, ಆದ್ದರಿಂದ ಇಂಧನದ ಖರ್ಚೂ ಹೆಚ್ಚು. ವಾರಾಂತ್ಯದಲ್ಲಿ ಇವು ಘಾಟಿ ಹತ್ತುತ್ತವೆ. ಚಿಕ್ಕಮಗಳೂರು ಜಿಲ್ಲಾಡಳಿತವು 2025ರಲ್ಲಿ ಮುಳ್ಳಯ್ಯನಗಿರಿಗೆ ಹೋಗುವ ಪ್ರವಾಸಿ ವಾಹನಗಳ ಸಂಖ್ಯೆಗೆ ಮಿತಿ ಹಾಕಬೇಕಾಯಿತು. ಇಂತಹ ದಟ್ಟಣೆಯ ಬೆನ್ನಿಗೇ ರಸ್ತೆ ಅಗಲಗೊಳಿಸುವ ಬೇಡಿಕೆ ಬರುತ್ತದೆ. ಆಗ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದುಂಟು: ಗುಡ್ಡ ಕಡಿಯುವುದು ಊರಿನ ಬಸ್ಸಿಗೋ, ಶನಿವಾರದ ಗಾಡಿಗಳಿಗೋ?