ಇಂಧನದ ಸೇಚನಕ್ರಮವೂ ಡೀಸೆಲ್ ಎಂಜಿನ್ನಿನ ಹೊಗೆಯೂ



ಶಿರಾಡಿ ಘಾಟಿಯ ಏರಿನಲ್ಲಿ ಹೊರೆ ಹೊತ್ತ ಲಾರಿಯೊಂದು ಹಿಂದೆ ಬರುವವರ ಮುಖಕ್ಕೆ ಕರಿಹೊಗೆಯನ್ನು ಉಗುಳುತ್ತ ಸಾಗುವುದನ್ನು ಕಾಣದವರು ನಮ್ಮಲ್ಲಿ ವಿರಳ. ಎಂಜಿನ್ನು ಹಳತು, ಡೀಸೆಲ್ಲು ಕಲಬೆರಕೆಯದು ಎಂದು ನಾವು ತೀರ್ಪಿತ್ತು ಸುಮ್ಮನಾಗುತ್ತೇವೆ. ಆದರೆ ಆ ಹೊಗೆಯ ಹಣೆಬರಹವು ಬಹುಮಟ್ಟಿಗೆ ನಿಶ್ಚಿತವಾಗುವುದು, ಇಂಧನವು ನಾಜಲ್ಲಿನ ಸೂಕ್ಷ್ಮರಂಧ್ರಗಳಿಂದ ಸಿಲಿಂಡರಿನೊಳಕ್ಕೆ ಚಿಮ್ಮುವ, ಸೆಕೆಂಡಿನ ಸಾವಿರದ ಕೆಲವೇ ಅಂಶಗಳಷ್ಟು ಅಲ್ಪವಾದ ಕಾಲದಲ್ಲಿ. ಇದನ್ನೇ ಈ ದತ್ತಿ ಉಪನ್ಯಾಸದಲ್ಲಿ ನಿಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ರುಡಾಲ್ಫ್ ಡೀಸೆಲನು 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನು ಸಂಪೀಡಿತ ವಾಯುವಿನ ಬಲದಿಂದ ಇಂಧನವನ್ನು ಒಳಕ್ಕೆ ಊದುತ್ತಿತ್ತು. ಆ ವಾಯುವಿಗೆ ಬೇರೊಂದು ಭಾರವಾದ ಕಂಪ್ರೆಸರು ಬೇಕಾದ ಕಾರಣ ಅದು ರಸ್ತೆಗೆ ಒಗ್ಗುವ ಯಂತ್ರವಾಗಿರಲಿಲ್ಲ. ಇಂಧನವನ್ನೇ ಒತ್ತಿ ಕಳುಹುವ ಪಂಪನ್ನು ಸ್ಟುಟ್‌ಗಾರ್ಟಿನ ಬಾಷ್ ಕಾರ್ಖಾನೆಯು 1927ರಲ್ಲಿ ವಿಪುಲವಾಗಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಯು ಲೋಕದಲ್ಲಿ ನೆಲೆಯೂರಿತು. ಅದೇ ಬಾಷ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ, ಆಡುಗೋಡಿಯಲ್ಲಿ ಪಂಪು ನಾಜಲ್ಲುಗಳನ್ನು ಮಾಡಿ ನಮ್ಮ ಎಷ್ಟೋ ಮನೆಗಳಿಗೆ ಅನ್ನವನ್ನಿತ್ತುದಲ್ಲದೆ, ಮಿಲಿಮೀಟರಿನ ಸಾವಿರದೊಂದಂಶವನ್ನೂ ಲೆಕ್ಕಕ್ಕೆ ಹಿಡಿಯುವ ನಿಷ್ಠೆಯನ್ನು ನಮ್ಮ ಕೈಗಳಿಗೆ ಕಲಿಸಿತೆಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯೂ ಇಂಧನವೂ ಮೊದಲೇ ಬೆರೆತಿರುವುದಿಲ್ಲ. ಒತ್ತಡದಿಂದ ಕಾದ ಗಾಳಿಗೆ ಇಂಧನವು ಎರಚಲ್ಪಟ್ಟು, ಹನಿಯೊಡೆದು, ಆವಿಯಾಗಿ, ಬೆರೆಯುತ್ತಿರುವಾಗಲೇ ಉರಿಯತೊಡಗುತ್ತದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಜಾನ್ ಡೆಕ್ ಎಂಬ ಸಂಶೋಧಕನು ಲೇಸರ್ ಬೆಳಕಿನ ತೆಳುಹಾಳೆಯಿಂದ ಈ ಧಾರೆಯನ್ನು ಸೀಳಿ ನೋಡಿ, 1997ರಲ್ಲಿ ಅದರ ಒಳಚಿತ್ರವನ್ನು ಲೋಕದ ಮುಂದಿಟ್ಟನು. ಧಾರೆಯ ಗರ್ಭದಲ್ಲಿ ಇಂಧನ ಹೆಚ್ಚು, ಆಮ್ಲಜನಕ ಕಡಮೆ. ಬತ್ತಿಯನ್ನು ಮಿತಿಮೀರಿ ಏರಿಸಿದ ಲಾಟೀನಿನ ಗಾಜು ಕಪ್ಪಾಗುವ ಹಾಗೆಯೇ ಅಲ್ಲಿ ಮಸಿ ಹುಟ್ಟುತ್ತದೆ. ಧಾರೆಯ ಹೊರಮೈಯಲ್ಲಾದರೋ ಆಮ್ಲಜನಕವೂ ಪ್ರಚಂಡವಾದ ತಾಪವೂ ಒಂದೆಡೆ ಕೂಡಿರುವುದರಿಂದ, ಸಾಧಾರಣವಾಗಿ ನಿರ್ಲಿಪ್ತವಾಗಿರುವ ಗಾಳಿಯ ಸಾರಜನಕವೇ ಒಡೆದು ಆಮ್ಲಜನಕದೊಡನೆ ಸೇರಿ ಸಾರಜನಕದ ಆಕ್ಸೈಡುಗಳಾಗಿ ಮಾರ್ಪಡುತ್ತದೆ. ಒಂದೇ ಜ್ವಾಲೆಯ ಒಡಲಲ್ಲೊಂದು, ಅಂಚಿನಲ್ಲೊಂದು, ಹೀಗೆ ಎರಡು ವಿಷಗಳು.

ಇವೆರಡರ ಪರಸ್ಪರ ವೈರವೇ ಈ ವಿಷಯದ ತಿರುಳು. ಇಂಧನವನ್ನು ತುಸು ಮುಂಚಿತವಾಗಿ ಸಿಂಪಡಿಸಿದರೆ ಬೆರೆಯಲು ವ್ಯವಧಾನ ದೊರೆತು, ಉರಿ ತೀಕ್ಷ್ಣವಾಗಿ, ಮಸಿ ಇಳಿಯುತ್ತದೆ, ಆಕ್ಸೈಡು ಏರುತ್ತದೆ. ತಡಮಾಡಿದರೆ ತಾಪ ತಗ್ಗಿ ಆಕ್ಸೈಡು ಇಳಿಯುತ್ತದೆ. ಮಸಿ ಏರುತ್ತದೆ, ಡೀಸೆಲ್ಲಿನ ಖರ್ಚೂ ಏರುತ್ತದೆ. ಗ್ಯಾರೇಜಿನಲ್ಲಿ ಟೈಮಿಂಗನ್ನು ಮುಂದಕ್ಕೆ ತಿರುಗಿಸಿ ಹೊಗೆ ಮಾಯವಾಯಿತೆಂದು ಹಿಗ್ಗುವ ಮೆಕ್ಯಾನಿಕನು ಕಣ್ಣಿಗೆ ಕಾಣುವ ಕೇಡನ್ನು ಕಾಣದ ಕೇಡಿಗೆ ಬದಲಾಯಿಸಿಕೊಂಡಿರುತ್ತಾನೆ. ಇದು ಅವನ ದೋಷವೆಂದು ನಾನು ಹೇಳಲಾರೆ. ಕರಿಹೊಗೆಯೊಂದನ್ನೇ ಮಾಲಿನ್ಯವೆಂದು ತಿಳಿದ ನಮ್ಮೆಲ್ಲರ ಅಭ್ಯಾಸ ಅದು.

ಈ ವೈರವನ್ನು ಸಡಿಲಿಸಿದ್ದು ಒತ್ತಡ ಮತ್ತು ವಿಭಜನೆ ಎಂಬ ಎರಡು ಉಪಾಯಗಳು. ಎಲ್ಲ ನಾಜಲ್ಲುಗಳಿಗೂ ಒಂದೇ ಕೊಳವೆಯಿಂದ ಒತ್ತಡದ ಇಂಧನವನ್ನು ಒದಗಿಸುವ, 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡವು 1350 ಬಾರ್ ಇದ್ದುದು ಈಗ 2000ವನ್ನು ಮೀರಿದೆ. ಒತ್ತಡ ಏರಿದಷ್ಟೂ ರಂಧ್ರವನ್ನು ಕಿರಿದಾಗಿಸಬಹುದು, ಹನಿ ಸಣ್ಣದಾಗುತ್ತದೆ, ಧಾರೆಯು ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ವಿದ್ಯುನ್ನಿಯಂತ್ರಣದಿಂದಾಗಿ ಒಂದೇ ಬಾರಿಯ ಸೇಚನವನ್ನು, ಎಂದರೆ ಇಂಧನದ ಸಿಂಪಡಣೆಯನ್ನು, ಹಲವು ಕಂತುಗಳಾಗಿ ಒಡೆಯುವುದೂ ಸಾಧ್ಯವಾಯಿತು: ಮುಖ್ಯ ಸೇಚನಕ್ಕೆ ಮುನ್ನ ಬೀಳುವ ಕಿಂಚಿತ್ ಇಂಧನವು ಸಿಲಿಂಡರನ್ನು ಅಣಿಗೊಳಿಸಿ ಹಠಾತ್ ಸ್ಫೋಟದ ಕಟಕಟ ಸದ್ದನ್ನು ಶಮನಗೊಳಿಸುತ್ತದೆ, ಮುಖ್ಯ ಸೇಚನದ ಬೆನ್ನಿಗೇ ಬರುವ ಇನ್ನೊಂದು ಕಿರುಧಾರೆಯು ಉಳಿದ ಮಸಿಯನ್ನು ಕಲಕಿ ಸುಡಲು ನೆರವಾಗುತ್ತದೆ. ಭಾರತದಲ್ಲಿ 2020ರ ಏಪ್ರಿಲಿನಿಂದ ಬಿ.ಎಸ್. 6 (ಭಾರತ್ ಸ್ಟೇಜ್ 6) ಎಂಬ ಮಾಲಿನ್ಯ ನಿಯಮವು ಡೀಸೆಲ್ ಕಾರಿನ ಸಾರಜನಕ ಆಕ್ಸೈಡಿನ ಮಿತಿಯನ್ನು ಕಿಲೋಮೀಟರಿಗೆ 250 ಮಿಲಿಗ್ರಾಮಿನಿಂದ 80ಕ್ಕೂ, ಮಸಿ ಮೊದಲಾದ ಕಣಗಳ ಮಿತಿಯನ್ನು 25ರಿಂದ 4.5ಕ್ಕೂ ಇಳಿಸಿತು. ಇಷ್ಟನ್ನು ಸೇಚನವೊಂದೇ ಸಾಧಿಸಲಾರದು. ಸೈಲೆನ್ಸರಿನ ದಾರಿಯಲ್ಲಿ ಫಿಲ್ಟರು ಮೊದಲಾದ ಶೋಧಕಗಳೂ ಬೇಕಾದುವು.

ಇನ್ನೊಂದು ಸಣ್ಣ ಸಂಗತಿಯನ್ನು ಹೇಳದಿರಲಾರೆ. ನಾಜಲ್ಲನ್ನು ತೆರೆದು ಮುಚ್ಚುವ ಸೂಜಿ ಕುಳಿತುಕೊಳ್ಳುವ ಪೀಠದ ಕೆಳಗೆ ಒಂದು ಕಿರಿದಾದ ಕುಹರವಿದೆ. ಸೂಜಿ ಮುಚ್ಚಿದ ಮೇಲೂ ಅದರಲ್ಲಿ ನಿಂತ ಇಂಧನವು ಮೆಲ್ಲಗೆ ಜಿನುಗಿ, ಉರಿ ಇಳಿದ ಹೊತ್ತಿನಲ್ಲಿ ಹೊರಬಂದು, ಪೂರಾ ಸುಡದೆ ಹೈಡ್ರೋಕಾರ್ಬನ್ನಾಗಿ ಹೊರಬೀಳುತ್ತದೆ. ಪೀಠವೇ ಸವೆದರಂತೂ ಸೋರಿಕೆ ಇನ್ನಷ್ಟು ಬೆಳೆಯುತ್ತದೆ. ಡೀಸೆಲ್ ಪಂಪು ರಿಪೇರಿಯ ಅಂಗಡಿಗಳಲ್ಲಿ ನಾಜಲ್ಲನ್ನು ಟೆಸ್ಟರಿಗೆ ಸಿಕ್ಕಿಸಿ, ಹಿಡಿಕೆಯನ್ನೊತ್ತಿ, ಮಂಜಿನಂತೆ ಹಾರಿದ ತುಂತುರು ನಿಂತ ಮೇಲೆ ತುದಿಯಲ್ಲಿ ಹನಿ ತೂಗುವುದೋ ಎಂದು ಕಣ್ಣು ಕಿರಿದು ಮಾಡಿ ನೋಡುವ ಕೆಲಸಗಾರನು ಹುಡುಕುವುದು ಆ ಒಂದು ಹನಿಯನ್ನೇ.